ಇಂಗ್ಲೆಂಡಿನಲ್ಲಿ ಮಗುವಿಗೆ ಶಾಲೆ: ಕ್ಯಾಥೋಲಿಕ್ ಪ್ರೈಮರಿಯೋ, ಬೇರೆಯದೋ?

ಇಂಗ್ಲೆಂಡಿಗೆ ಬಂದು ಮನೆ ಮಾಡಿದ ಕನ್ನಡಿಗರು ಮಗುವಿಗೆ ಮೂರು ವರ್ಷ ತುಂಬುತ್ತಿದ್ದಂತೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಪಕ್ಕದ ಬೀದಿಯಲ್ಲೇ ಒಂದು ಕ್ಯಾಥೋಲಿಕ್ ಪ್ರೈಮರಿ ಶಾಲೆಯಿದೆ, ಒಳ್ಳೆಯ ಹೆಸರೂ ಇದೆ, ಆದರೆ ನಮ್ಮ ಮಗುವನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆಯೇ? ಮಂಗಳೂರಿನ ಕಡೆಯಿಂದ ಬಂದ ಕ್ಯಾಥೋಲಿಕ್ ಕುಟುಂಬದವರು ಸೀಟು ಸಿಕ್ಕೇ ಸಿಗುತ್ತದೆಂದು ನಿಶ್ಚಿಂತರಾಗಿರುತ್ತಾರೆ. ಹಿಂದೂ ಕುಟುಂಬದವರು ಸಿಗುವ ಮಾತೇ ಇಲ್ಲವೆಂದು ಅರ್ಜಿಯಲ್ಲಿ ಆ ಶಾಲೆಯ ಹೆಸರನ್ನೇ ಬರೆಯುವುದಿಲ್ಲ. ಎರಡು ಊಹೆಗಳೂ ಅನೇಕ ಸಲ ತಪ್ಪಾಗುತ್ತವೆ. ಶಾಲೆ ಎಷ್ಟು ಒಳ್ಳೆಯದೆಂಬುದನ್ನು ತೂಗುವ ಮೊದಲು, ಪ್ರತಿ ಶಾಲೆಯ ಆದ್ಯತಾ ಪಟ್ಟಿಯಲ್ಲಿ ನಿಮ್ಮ ಮಗು ಎಷ್ಟನೆಯ ಸಾಲಿನಲ್ಲಿ ನಿಲ್ಲುತ್ತದೆ, ಕಳೆದ ಎರಡು ಮೂರು ವರ್ಷಗಳಲ್ಲಿ ಸೀಟುಗಳು ಯಾವ ಸಾಲಿನವರೆಗೆ ಇಳಿದು ಬಂದಿವೆ ಎಂಬುದನ್ನು ನೋಡಬೇಕೆಂಬುದು ನನ್ನ ವಾದ.

ನಮ್ಮ ಊರಿನ 'ಕಾನ್ವೆಂಟ್' ಶಾಲೆಯ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿಯೇ ಮುಂದುವರಿಯುವುದು ಒಳ್ಳೆಯದು. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಶಾಲೆಯ ಕೌಂಟರಿನಲ್ಲೇ ಅರ್ಜಿ ತಂದು, ಶುಲ್ಕ ಕಟ್ಟಿ, ಕೆಲವು ಕಡೆ ತಂದೆತಾಯಿಯೂ ಸಂದರ್ಶನಕ್ಕೆ ಕುಳಿತು ಸೀಟು ಪಡೆಯುವ ಕ್ರಮ ನಮಗೆ ರೂಢಿಯಾಗಿದೆ. ಇಂಗ್ಲೆಂಡಿನ ಬಹುಪಾಲು ಕ್ಯಾಥೋಲಿಕ್ ಪ್ರೈಮರಿ ಶಾಲೆಗಳು ಸರ್ಕಾರದ ಹಣದಿಂದ ನಡೆಯುವ, ಶುಲ್ಕವಿಲ್ಲದ ಶಾಲೆಗಳು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿದರೆ ಪ್ರೈಮರಿ, ಸೆಕೆಂಡರಿ ಎಲ್ಲ ಕೂಡಿ ಸುಮಾರು ಎರಡು ಸಾವಿರ ಕ್ಯಾಥೋಲಿಕ್ ಶಾಲೆಗಳಿವೆ. ಇಲ್ಲಿ ಅರ್ಜಿಯನ್ನು ನೀವು ವಾಸಿಸುವ ಪ್ರದೇಶದ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಹಾಕಬೇಕು. ಮಗುವನ್ನಾಗಲಿ ಹೆತ್ತವರನ್ನಾಗಲಿ ಸಂದರ್ಶನ ಮಾಡುವುದನ್ನು ಸರ್ಕಾರದ ಪ್ರವೇಶ ಸಂಹಿತೆ ನಿಷೇಧಿಸಿದೆ. ಯಾವ ಮಗುವಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬುದು ಬರಹದಲ್ಲಿ ಪ್ರಕಟವಾಗಿರುತ್ತದೆ, ಮುಖ್ಯೋಪಾಧ್ಯಾಯರ ಪರಿಚಯದಿಂದ ಆ ಕ್ರಮ ಬದಲಾಗುವುದಿಲ್ಲ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ಶಾಲೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ನಾನು ಐದು ಸಂಗತಿಗಳನ್ನು ಮುಂದಿಡುತ್ತೇನೆ. ಮೊದಲನೆಯದು ಆಗಲೇ ಹೇಳಿದ ಸಾಲು, ಅಂದರೆ ಸೀಟು ಸಿಗುವ ನಿಜವಾದ ಸಂಭವ. ಎರಡನೆಯದು, ಇಂದು ಈ ಮಗುವಿಗೆ ಸಿಕ್ಕ ಸೀಟು ನಾಳೆ ಅದರ ತಮ್ಮನಿಗೋ ತಂಗಿಗೋ ಸಿಗುತ್ತದೆಯೇ ಎಂಬುದು. ಅನೇಕರು ಇದನ್ನು ಗಮನಿಸುವುದು ತಡವಾದ ಮೇಲೆ. ಮೂರನೆಯದು ಖರ್ಚು: ಶುಲ್ಕ ಇಲ್ಲದಿದ್ದರೂ ಬಾಡಿಗೆ, ಓಡಾಟ, ಸಮವಸ್ತ್ರ, ಶಾಲೆಯ ವೇಳೆಯ ಮೊದಲು ಮತ್ತು ನಂತರ ಮಗುವನ್ನು ನೋಡಿಕೊಳ್ಳುವ ಕ್ಲಬ್ಬುಗಳ ವೆಚ್ಚ ಇದ್ದೇ ಇರುತ್ತದೆ. ನಾಲ್ಕನೆಯದು ಶಾಲೆಯ ಧಾರ್ಮಿಕ ವಾತಾವರಣವು ನಿಮ್ಮ ಮನೆಗೆ ಒಗ್ಗುತ್ತದೆಯೇ ಎಂಬುದು. ಐದನೆಯದು, ಹನ್ನೊಂದನೆಯ ವಯಸ್ಸಿನಲ್ಲಿ ಮಗು ಯಾವ ಸೆಕೆಂಡರಿ ಶಾಲೆಗೆ ಹೋಗುತ್ತದೆ ಎಂಬುದು, ಏಕೆಂದರೆ ಕೆಲವು ಸೆಕೆಂಡರಿ ಶಾಲೆಗಳು ನಿರ್ದಿಷ್ಟ ಪ್ರೈಮರಿ ಶಾಲೆಗಳಿಂದ ಬರುವ ಮಕ್ಕಳಿಗೆ ಆದ್ಯತೆ ಕೊಡುತ್ತವೆ.

ಎಲ್ಲ ಸರ್ಕಾರಿ ಹಣದ ಶಾಲೆಗಳಿಗೂ ಸಮಾನವಾದ ಕೆಲವು ನಿಯಮಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗಸ್ಟ್ 31ರೊಳಗೆ ನಾಲ್ಕು ವರ್ಷ ತುಂಬಿದ ಮಗು ಆ ಸೆಪ್ಟೆಂಬರಿನಲ್ಲಿ ಪ್ರೈಮರಿಯ ಮೊದಲ ವರ್ಷವಾದ ರಿಸೆಪ್ಷನ್ ತರಗತಿಗೆ ಸೇರಬಹುದು. ಅದಕ್ಕೆ ಅದೇ ವರ್ಷದ ಜನವರಿ 15ರೊಳಗೆ ಅರ್ಜಿ ಸಲ್ಲಿಸಬೇಕು, ಉತ್ತರ ಏಪ್ರಿಲ್ 16ರಂದು ಅಥವಾ ಅದರ ಮುಂದಿನ ಕೆಲಸದ ದಿನ ಬರುತ್ತದೆ. ಕನಿಷ್ಠ ಮೂರು ಶಾಲೆಗಳ ಹೆಸರು ಬರೆಯಲು ಎಲ್ಲ ಕಡೆ ಅವಕಾಶವಿದೆ, ಲಂಡನ್ನಿನಲ್ಲಿ ಆರು ಬರೆಯಬಹುದು. ರಿಸೆಪ್ಷನ್ನಿನಿಂದ ಎರಡನೆಯ ತರಗತಿಯವರೆಗೆ ಒಬ್ಬ ಶಿಕ್ಷಕರಿಗೆ 30ಕ್ಕಿಂತ ಹೆಚ್ಚು ಮಕ್ಕಳಿರಬಾರದೆಂದು ಕಾನೂನೇ ಇರುವುದರಿಂದ, 'ಇನ್ನೊಂದು ಮಗುವನ್ನು ಹೇಗಾದರೂ ಸೇರಿಸಿಕೊಳ್ಳಿ' ಎಂಬ ಬೇಡಿಕೆಗೆ ಇಲ್ಲಿ ಬೆಲೆಯಿಲ್ಲ.

ನೀವು ಬರೆಯುವ ಶಾಲೆಗಳ ಕ್ರಮದ ವಿಷಯದಲ್ಲಿ ದೊಡ್ಡ ತಪ್ಪು ಕಲ್ಪನೆಯೊಂದಿದೆ. ಒಂದು ಶಾಲೆಯನ್ನು ಮೊದಲನೆಯದಾಗಿ ಬರೆದರೆ ಅವರು ಮೆಚ್ಚಿ ಸೀಟು ಕೊಡುತ್ತಾರೆಂದೋ, ಒಂದೇ ಶಾಲೆಯ ಹೆಸರು ಬರೆದರೆ ಕೌನ್ಸಿಲ್ ಬೇರೆ ದಾರಿಯಿಲ್ಲದೆ ಅದನ್ನೇ ಕೊಡುತ್ತದೆಂದೋ ನಂಬುವವರಿದ್ದಾರೆ. ನಿಮ್ಮ ಕ್ರಮವನ್ನು ಶಾಲೆಯು ಗಣನೆಗೆ ತೆಗೆದುಕೊಳ್ಳುವಂತಿಲ್ಲ. ಪ್ರತಿ ಶಾಲೆಯೂ ಬಂದ ಎಲ್ಲ ಹೆಸರುಗಳನ್ನು ತನ್ನ ನಿಯಮದ ಪ್ರಕಾರ ಸಾಲಾಗಿ ಜೋಡಿಸುತ್ತದೆ. ನಿಮ್ಮ ಮಗುವಿಗೆ ಎರಡು ಮೂರು ಶಾಲೆಗಳಲ್ಲಿ ಸೀಟು ತಲುಪಿದರೆ, ಅವುಗಳಲ್ಲಿ ನೀವು ಮೇಲೆ ಬರೆದುದನ್ನು ಕೌನ್ಸಿಲ್ ಕೊಟ್ಟು ಉಳಿದವನ್ನು ಬಿಡಿಸಿ ಬೇರೆಯವರಿಗೆ ಹಂಚುತ್ತದೆ. ಆದ್ದರಿಂದ ನಿಮಗೆ ನಿಜವಾಗಿ ಇಷ್ಟವಾದ ಕ್ರಮದಲ್ಲೇ ಬರೆಯಿರಿ, ಆದರೆ ಖಚಿತವಾಗಿ ಸಿಗುವಂಥ ಒಂದು ಶಾಲೆ ಪಟ್ಟಿಯ ಕೊನೆಯಲ್ಲಿ ಇರಲಿ. ಅದಿಲ್ಲದಿದ್ದರೆ, ಬರೆದ ಯಾವುದೂ ಸಿಗದಾಗ ಎಲ್ಲಿ ಖಾಲಿಯಿದೆಯೋ ಅಲ್ಲಿಗೆ ಹೋಗಬೇಕಾಗುತ್ತದೆ.

ಕ್ಯಾಥೋಲಿಕ್ ಪ್ರೈಮರಿ ಶಾಲೆ

ಇಲ್ಲಿ ಪ್ರವೇಶದ ನಿಯಮವನ್ನು ರೂಪಿಸುವುದು ಕೌನ್ಸಿಲ್ ಅಲ್ಲ. ಅದನ್ನು ರೂಪಿಸುವುದು ಶಾಲೆಯ ಆಡಳಿತ ಮಂಡಳಿ, ಅಕಾಡೆಮಿಯಾಗಿದ್ದರೆ (ಅಂದರೆ ಸರ್ಕಾರದ ಹಣದಿಂದ ನಡೆದರೂ ಕೌನ್ಸಿಲ್ಲಿನ ಅಧೀನದಲ್ಲಿರದ ಶಾಲೆಯಾಗಿದ್ದರೆ) ಅದರ ಟ್ರಸ್ಟ್. ಹಾಗೆ ರೂಪಿಸುವಾಗ ಆಯಾ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಅಧೀನದಲ್ಲಿರುವ ಪ್ರದೇಶದ) ಮಾರ್ಗಸೂಚಿಯನ್ನು ಗಮನದಲ್ಲಿಡಬೇಕು, ಸರ್ಕಾರದ ಸಂಹಿತೆಯನ್ನು ಮೀರಬಾರದು. ಧರ್ಮದ ಆಧಾರದಲ್ಲಿ ಆದ್ಯತೆ ಕೊಡಲು 2010ರ ಸಮಾನತಾ ಕಾಯ್ದೆ ಇಂಥ ಶಾಲೆಗಳಿಗೆ ವಿನಾಯಿತಿ ನೀಡಿದೆ. ಆದರೆ ಆ ವಿನಾಯಿತಿಗೆ ಒಂದು ಮಿತಿ ಇದೆ, ಅದನ್ನು ನಮ್ಮವರು ಬಹಳ ಮಂದಿ ತಿಳಿದಿಲ್ಲ: ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದಾಗ ಮಾತ್ರ ಆದ್ಯತಾ ಪಟ್ಟಿ ಕೆಲಸ ಮಾಡುತ್ತದೆ. ಸೀಟು ಮಿಕ್ಕಿದ್ದರೆ ಅರ್ಜಿ ಹಾಕಿದ ಪ್ರತಿ ಮಗುವನ್ನೂ, ಅದರ ಮನೆಯ ಧರ್ಮ ಯಾವುದೇ ಇರಲಿ, ಸೇರಿಸಿಕೊಳ್ಳಲೇಬೇಕು.

ಪಟ್ಟಿಯ ಸಾಮಾನ್ಯ ಸ್ವರೂಪ ಹೀಗಿರುತ್ತದೆ. ವಿಶೇಷ ಅಗತ್ಯವುಳ್ಳ ಮಗುವಿನ ಇ.ಎಚ್.ಸಿ. ಪ್ಲಾನಿನಲ್ಲಿ (ಅದಕ್ಕೆ ಬೇಕಾದ ನೆರವನ್ನು ಕೌನ್ಸಿಲ್ ಬರೆದುಕೊಡುವ ದಾಖಲೆಯಲ್ಲಿ) ಆ ಶಾಲೆಯ ಹೆಸರಿದ್ದರೆ ಅದು ಪಟ್ಟಿಗೆ ಹೊರತಾಗಿ ಮೊದಲೇ ಸೇರಿಕೊಳ್ಳುತ್ತದೆ. ಆಮೇಲೆ ಕೌನ್ಸಿಲ್‌ನ ಪಾಲನೆಯಲ್ಲಿರುವ ಅಥವಾ ಹಿಂದೆ ಹಾಗಿದ್ದು ದತ್ತು ಹೋದ ಕ್ಯಾಥೋಲಿಕ್ ಮಕ್ಕಳು; ನಂತರ ಚರ್ಚಿಗೆ ನಿಯಮಿತವಾಗಿ ಹೋಗುವ ಕುಟುಂಬವೆಂದು ಚರ್ಚಿನ ಗುರುಗಳ (ಪಾದ್ರಿಗಳ) ಪ್ರಮಾಣಪತ್ರ ತಂದ ಕ್ಯಾಥೋಲಿಕ್ ಮಕ್ಕಳು; ಅವರ ಹಿಂದೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದ ಇತರ ಕ್ಯಾಥೋಲಿಕ್ ಮಕ್ಕಳು. ಅಲ್ಲಿಂದ ಕೆಳಗೆ ಪಾಲನೆಯಲ್ಲಿರುವ ಇತರ ಮಕ್ಕಳು, ದೀಕ್ಷಾಸ್ನಾನಕ್ಕೆ ಸಿದ್ಧತೆ ನಡೆಸುತ್ತಿರುವವರು ಮತ್ತು ಪೌರಸ್ತ್ಯ ಕ್ರೈಸ್ತ (ಆರ್ಥೊಡಾಕ್ಸ್) ಸಭೆಗಳ ಮಕ್ಕಳು, ಇತರ ಕ್ರೈಸ್ತ ಪಂಗಡಗಳ ಮಕ್ಕಳು, ಬೇರೆ ಧರ್ಮಗಳ ಮಕ್ಕಳು, ಕೊನೆಗೆ ಉಳಿದವರೆಲ್ಲರು. ಒಂದೇ ಸಾಲಿನವರಲ್ಲಿ ಸ್ಪರ್ಧೆ ಬಂದರೆ ಅಣ್ಣನೋ ಅಕ್ಕನೋ ಶಾಲೆಯಲ್ಲಿ ಓದುತ್ತಿರುವ ಮಗುವಿಗೆ ಮೊದಲು, ಆಮೇಲೆ ಮನೆಯ ದೂರ, ಅದೂ ಸಮನಾದರೆ ಚೀಟಿ ಎತ್ತುವುದು. ಇದು ಎಲ್ಲ ಕಡೆ ಅಕ್ಷರಶಃ ಹೀಗೇ ಇರುವುದಿಲ್ಲ. ಕೆಲವು ಧರ್ಮಪ್ರಾಂತ್ಯಗಳಲ್ಲಿ ದೀಕ್ಷಾಸ್ನಾನದ ದಾಖಲೆಯಷ್ಟೇ ಸಾಕು, ಕೆಲವು ಕಡೆ ಭಾನುವಾರದ ಬಲಿಪೂಜೆಗೆ (ಮಾಸ್) ಬರುವ ರೂಢಿಯನ್ನು ಗುರುಗಳು ದೃಢೀಕರಿಸಬೇಕು. ಥೇಮ್ಸ್ ನದಿಯ ಉತ್ತರಕ್ಕಿರುವ ಲಂಡನ್ನಿನ ಬಹುಭಾಗವನ್ನು ಒಳಗೊಂಡ ವೆಸ್ಟ್‌ಮಿನ್‌ಸ್ಟರ್ ಮಹಾಧರ್ಮಪ್ರಾಂತ್ಯದ ಶಾಲೆಗಳಲ್ಲಿ ಈ ಪ್ರಮಾಣಪತ್ರ ಚಿರಪರಿಚಿತ.

ಕಲ್ಪಿತ ಲೆಕ್ಕವೊಂದನ್ನು ಇಟ್ಟು ನೋಡೋಣ. 30 ಸೀಟಿನ ಶಾಲೆಗೆ ಒಂದು ವರ್ಷ 48 ಅರ್ಜಿಗಳು ಬಂದಿವೆ: ಪ್ರಮಾಣಪತ್ರ ಇರುವ ಕ್ಯಾಥೋಲಿಕ್ ಮಕ್ಕಳು 22, ಇತರ ಕ್ಯಾಥೋಲಿಕ್ ಮಕ್ಕಳು 6, ಆರ್ಥೊಡಾಕ್ಸ್ ಸಭೆಯವರು 3, ಇತರ ಕ್ರೈಸ್ತರು 7, ಬೇರೆ ಧರ್ಮದವರು 6, ಉಳಿದವರು 4. ಕ್ಯಾಥೋಲಿಕ್ ಮಕ್ಕಳಿಗೇ 28 ಸೀಟು ಹೋಗಿ, ಉಳಿದ ಎರಡಕ್ಕೆ ಮೂವರು ಆರ್ಥೊಡಾಕ್ಸ್ ಮಕ್ಕಳು ನಿಲ್ಲುತ್ತಾರೆ. ಹಿಂದೂ ಮಗುವಿನ ಸಾಲು ಮುಟ್ಟುವುದೇ ಇಲ್ಲ. ಮರುವರ್ಷ ಕ್ಯಾಥೋಲಿಕ್ ಮಕ್ಕಳು ಒಟ್ಟು 21 ಮಂದಿ ಮಾತ್ರ ಬಂದರೆ, ಮೂವರು ಆರ್ಥೊಡಾಕ್ಸ್, ಐವರು ಇತರ ಕ್ರೈಸ್ತರು ಸೇರಿ 29 ಆಗಿ, ಬೇರೆ ಧರ್ಮದ ಒಂದು ಮಗುವಿಗೆ ಬಾಗಿಲು ತೆರೆಯುತ್ತದೆ. ಮೂರನೆಯ ವರ್ಷ ಒಟ್ಟು 24 ಅರ್ಜಿಗಳಷ್ಟೇ ಬಂದರೆ ಎಲ್ಲರಿಗೂ ಸೀಟು. ಮೂರು ವರ್ಷವೂ ಶಾಲೆ ಅದೇ, ನಿಯಮವೂ ಅದೇ. ಜನನ ಸಂಖ್ಯೆ ಇಳಿದಿರುವ ಈ ವರ್ಷಗಳಲ್ಲಿ, ಮುಖ್ಯವಾಗಿ ಲಂಡನ್ನಿನ ಒಳಭಾಗದಲ್ಲಿ, ಈ ಮೂರನೆಯ ವರ್ಷದಂತೆ ಸೀಟು ಮಿಕ್ಕುವ ಶಾಲೆಗಳು ಹೆಚ್ಚಾಗಿವೆ. ಮಕ್ಕಳಿಲ್ಲದೆ ಒಂದಾದ, ಮುಚ್ಚಿದ ಶಾಲೆಗಳಲ್ಲಿ ಕ್ಯಾಥೋಲಿಕ್ ಶಾಲೆಗಳೂ ಸೇರಿವೆ. ಇನ್ನೊಂದು ಮಾತು: 48 ಅರ್ಜಿಗಳೆಂದರೆ 48 ಪ್ರತಿಸ್ಪರ್ಧಿಗಳಲ್ಲ, ಅವರಲ್ಲಿ ಕೆಲವರು ಈ ಶಾಲೆಯನ್ನು ನಾಲ್ಕನೆಯದಾಗಿ ಬರೆದು ಬೇರೆಡೆ ಸೀಟು ಪಡೆದಿರುತ್ತಾರೆ. ಆದ್ದರಿಂದ ಅರ್ಜಿಗಳ ಒಟ್ಟು ಸಂಖ್ಯೆಯನ್ನು ನೋಡಿ ಎದೆಗುಂದದೆ, ಕೊನೆಯ ಸೀಟು ಯಾವ ಸಾಲಿನ ಮಗುವಿಗೆ ಹೋಯಿತು ಎಂದು ಶಾಲೆಯ ಕಚೇರಿಯಲ್ಲಿ ಕೇಳಿರಿ. ಅನೇಕ ಕೌನ್ಸಿಲ್‌ಗಳು ಇದನ್ನು ತಮ್ಮ ಪ್ರವೇಶ ಕೈಪಿಡಿಯಲ್ಲೇ ಅಚ್ಚು ಹಾಕುತ್ತವೆ.

ಈ ಲೆಕ್ಕದಲ್ಲೇ ಎರಡನೆಯ ಮಗುವಿನ ಸಮಸ್ಯೆಯೂ ಅಡಗಿದೆ. ಒಡಹುಟ್ಟಿದವರ ಆದ್ಯತೆ ಸಾಮಾನ್ಯವಾಗಿ ಸಾಲಿನ ಒಳಗೆ ಮಾತ್ರ ನಡೆಯುತ್ತದೆ, ಸಾಲನ್ನು ದಾಟಿಸುವುದಿಲ್ಲ. ಮೂರನೆಯ ವರ್ಷದಂಥ ಸಡಿಲ ವರ್ಷದಲ್ಲಿ ಸೇರಿದ ಹಿಂದೂ ಹುಡುಗಿಯ ತಮ್ಮ ಮೊದಲ ವರ್ಷದಂಥ ಬಿಗಿ ವರ್ಷದಲ್ಲಿ ಅರ್ಜಿ ಹಾಕಿದರೆ, ಅಕ್ಕ ಅಲ್ಲೇ ಓದುತ್ತಿದ್ದರೂ, ಯಾರ ಪರಿಚಯವೂ ಇಲ್ಲದ ಕ್ಯಾಥೋಲಿಕ್ ಮಗುವಿನ ಹಿಂದೆ ಅವನು ನಿಲ್ಲುತ್ತಾನೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಬ್ಬರು ಮಕ್ಕಳನ್ನು ಎರಡು ಶಾಲೆಗಳಿಗೆ ಬಿಡುವ ಕಷ್ಟವನ್ನು, ಅದರಲ್ಲೂ ಒಬ್ಬರು ಆಸ್ಪತ್ರೆಯ ಪಾಳಿಯಲ್ಲಿದ್ದರೆ, ಹೇಳಿ ತಿಳಿಸಬೇಕಾಗಿಲ್ಲ. ಕ್ಯಾಥೋಲಿಕೇತರ ಕುಟುಂಬ ಈ ಶಾಲೆಯನ್ನು ಆರಿಸುವಾಗ ತೂಗಬೇಕಾದ ಅತಿ ದೊಡ್ಡ ಸಂಗತಿ ಇದೇ ಎಂದು ನಾನು ಭಾವಿಸುತ್ತೇನೆ, ಪ್ರಾರ್ಥನೆ ಪಾಠಗಳ ವಿಷಯ ಅದರ ನಂತರದ್ದು.

ಹಾಗೆಂದು ವಾತಾವರಣವನ್ನು ಹಗುರಾಗಿ ಕಾಣಬಾರದು. ಪ್ರತಿದಿನ ಪ್ರಾರ್ಥನೆ ಇರುತ್ತದೆ, ತರಗತಿಯ ಗೋಡೆಯಲ್ಲಿ ಶಿಲುಬೆ ಇರುತ್ತದೆ, ಪಾಠದ ಸಮಯದ ಶೇ. 10ರಷ್ಟು ಧರ್ಮಶಿಕ್ಷಣಕ್ಕೆ ಮೀಸಲು, ಹಬ್ಬದ ದಿನಗಳಲ್ಲಿ ಬಲಿಪೂಜೆ ನಡೆಯುತ್ತದೆ. ಮಕ್ಕಳಿಗೆ ಏಳೆಂಟು ವರ್ಷವಾದಾಗ ಸಹಪಾಠಿಗಳು ಪ್ರಥಮ ಪರಮಪ್ರಸಾದಕ್ಕೆ (ಫಸ್ಟ್ ಕಮ್ಯುನಿಯನ್) ಸಿದ್ಧರಾಗುತ್ತಾರೆ. ಬಿಳಿ ಉಡುಪಿನ ಆ ಸಂಭ್ರಮದಲ್ಲಿ ತನಗೇಕೆ ಪಾಲಿಲ್ಲವೆಂದು ನಿಮ್ಮ ಮಗಳು ಕೇಳಿದರೆ ಉತ್ತರ ಸಿದ್ಧವಿರಬೇಕು. ಧರ್ಮಶಿಕ್ಷಣದಿಂದಲೂ ಪ್ರಾರ್ಥನೆಯಿಂದಲೂ ಮಗುವನ್ನು ಹೊರಗಿಡುವ ಹಕ್ಕು ಹೆತ್ತವರಿಗೆ ಕಾನೂನಿನಲ್ಲಿದೆ. ಆದರೆ ದಿನದ ನಡುವೆ ಹಾಸುಹೊಕ್ಕಾಗಿರುವ ಸಂಗತಿಯಿಂದ ಮಗುವನ್ನು ಬೇರ್ಪಡಿಸಿ ಕೂರಿಸುವ ಉದ್ದೇಶವಿದ್ದರೆ ಆ ಶಾಲೆಯನ್ನು ಆರಿಸದಿರುವುದೇ ಮೇಲು. ಮತ್ತೊಂದೆಡೆ, ಇಂಗ್ಲೆಂಡ್ ಮತ್ತು ವೇಲ್ಸಿನ ಕ್ಯಾಥೋಲಿಕ್ ಶಾಲೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಕ್ಯಾಥೋಲಿಕರಲ್ಲ. ಮನೆಯಲ್ಲಿ ಅಜ್ಜಿ ಕಲಿಸಿದ ಶ್ಲೋಕವನ್ನೂ ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನೂ ಒಟ್ಟಿಗೆ ಹೇಳುತ್ತ ಬೆಳೆಯುವ ಮಕ್ಕಳು ಇಲ್ಲಿ ಅಪರೂಪವಲ್ಲ.

ಖರ್ಚಿನ ವಿಷಯಕ್ಕೆ ಬಂದರೆ ಶುಲ್ಕವಿಲ್ಲ. ಕಟ್ಟಡದಂಥ ಬಂಡವಾಳ ವೆಚ್ಚದ ಸಾಮಾನ್ಯವಾಗಿ ಶೇ. 10ರಷ್ಟನ್ನು 'ವಾಲಂಟರಿ ಏಡೆಡ್' (ಸರ್ಕಾರದ ಹಣದಿಂದ ನಡೆದರೂ ಚರ್ಚಿನ ಆಶ್ರಯದಲ್ಲಿರುವ) ಶಾಲೆಯ ಆಡಳಿತ ಮಂಡಳಿಯೇ ಭರಿಸಬೇಕಾದ್ದರಿಂದ, ಅನೇಕ ಶಾಲೆಗಳು ಹೆತ್ತವರಿಂದ ಸ್ವಯಂ ವಂತಿಗೆ ಕೇಳುತ್ತವೆ. ಕೊಡುವುದೂ ಬಿಡುವುದೂ ನಿಮ್ಮ ಇಚ್ಛೆ, ಪ್ರವೇಶಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವಂತಿಲ್ಲ. ಎಂಟು ವರ್ಷದೊಳಗಿನ ಮಗುವಿಗೆ ಎರಡು ಮೈಲಿ, ಆ ಮೇಲಿನವರಿಗೆ ಮೂರು ಮೈಲಿ ಮೀರಿದರೆ ಕೌನ್ಸಿಲ್ ಉಚಿತ ವಾಹನ ಕೊಡುತ್ತದೆ, ಆದರೆ ಅದು ಸೀಟು ಸಿಗಬಹುದಾದ ಅತಿ ಹತ್ತಿರದ ತಕ್ಕ ಶಾಲೆಗೆ ಮಾತ್ರ. ಹತ್ತಿರದ ಶಾಲೆಯನ್ನು ಬಿಟ್ಟು ದೂರದ ಕ್ಯಾಥೋಲಿಕ್ ಶಾಲೆಯನ್ನು ಆರಿಸಿದರೆ ಬಸ್ಸಿನ ಖರ್ಚು ಸಾಮಾನ್ಯವಾಗಿ ನಿಮ್ಮದೇ.

ಚರ್ಚ್ ಆಫ್ ಇಂಗ್ಲೆಂಡ್ ಶಾಲೆ

ದೇಶದ ಪ್ರೈಮರಿ ಶಾಲೆಗಳಲ್ಲಿ ನಾಲ್ಕರಲ್ಲಿ ಒಂದು ಈ ಬಗೆಯದು. ಹೆಸರಿನಲ್ಲಿ 'ಸಿ ಆಫ್ ಇ' ಎಂದಿದ್ದ ಮಾತ್ರಕ್ಕೆ ಚರ್ಚಿಗೆ ಹೋಗುವವರಿಗೆ ಮಾತ್ರ ಎಂದು ತಿಳಿಯಬಾರದು. ಇವುಗಳಲ್ಲಿ 'ಕಂಟ್ರೋಲ್ಡ್' ಶಾಲೆಗಳ ಪ್ರವೇಶವನ್ನು ಕೌನ್ಸಿಲ್ಲೇ ನಿರ್ಧರಿಸುತ್ತದೆ, ಅಲ್ಲಿ ಹೆಚ್ಚಾಗಿ ಒಡಹುಟ್ಟಿದವರು ಮತ್ತು ದೂರವೇ ಮುಖ್ಯ. 'ಏಡೆಡ್' ಶಾಲೆಗಳು ತಮ್ಮದೇ ನಿಯಮ ಮಾಡಿಕೊಳ್ಳುತ್ತವೆ. ಕೆಲವು ಒಂದಷ್ಟು ಸೀಟುಗಳನ್ನು ಚರ್ಚಿಗೆ ಬರುವವರಿಗೂ ಉಳಿದವನ್ನು ನೆರೆಹೊರೆಯ ಎಲ್ಲರಿಗೂ ಇಡುತ್ತವೆ, ಕೆಲವು ಧರ್ಮವನ್ನು ಕೇಳುವುದೇ ಇಲ್ಲ. ಹಳೆಯ ಹಳ್ಳಿಗಳಲ್ಲಂತೂ ಊರಿಗಿರುವುದೇ ಇದೊಂದು ಶಾಲೆ.

ನಮ್ಮ ಸಿ.ಎಸ್.ಐ. ಕುಟುಂಬಗಳಿಗೆ ಇಲ್ಲೊಂದು ಅನುಕೂಲವಿದೆ. 1947ರಲ್ಲಿ ರೂಪುಗೊಂಡ ಚರ್ಚ್ ಆಫ್ ಸೌತ್ ಇಂಡಿಯಾ ಚರ್ಚ್ ಆಫ್ ಇಂಗ್ಲೆಂಡ್ ಕೂಡ ಸೇರಿರುವ ಆಂಗ್ಲಿಕನ್ ಸಮುದಾಯದ ಸದಸ್ಯ ಸಭೆ. ಕ್ಯಾಥೋಲಿಕ್ ಶಾಲೆಯಲ್ಲಿ 'ಇತರ ಕ್ರೈಸ್ತರು' ಎಂಬ ಕೆಳಸಾಲಿನಲ್ಲಿ ನಿಲ್ಲುವ ಮಗು, ಇಲ್ಲಿ ಹತ್ತಿರದ ಚರ್ಚಿನ ಆರಾಧನೆಗೆ ನಿಯಮ ಹೇಳಿದಷ್ಟು ಕಾಲ ತಪ್ಪದೆ ಹೋಗಿದ್ದರೆ ಮೇಲಿನ ಸಾಲಿಗೆ ಬರಬಹುದು. ಎಷ್ಟು ತಿಂಗಳು, ತಿಂಗಳಿಗೆ ಎಷ್ಟು ಬಾರಿ ಎಂಬುದನ್ನು ಪ್ರತಿ ಶಾಲೆಯ ನಿಯಮದಲ್ಲೇ ಬರೆದಿರುತ್ತದೆ, ಆದ್ದರಿಂದ ಅರ್ಜಿಯ ವರ್ಷದಲ್ಲಿ ಎಚ್ಚರಗೊಂಡರೆ ತಡವಾಗುತ್ತದೆ.

ಕಮ್ಯುನಿಟಿ ಶಾಲೆ ಮತ್ತು ಧರ್ಮದ ಹೆಸರಿಲ್ಲದ ಅಕಾಡೆಮಿ

ಕಮ್ಯುನಿಟಿ ಶಾಲೆಯೆಂದರೆ ಕೌನ್ಸಿಲ್ಲೇ ನಡೆಸುವ, ಯಾವ ಧರ್ಮಕ್ಕೂ ಸೇರದ ಶಾಲೆ. ಇವುಗಳ ಪ್ರವೇಶ ನಿಯಮ ಸರಳ: ಪಾಲನೆಯಲ್ಲಿರುವ ಮಕ್ಕಳು, ಒಡಹುಟ್ಟಿದವರು, ಆಮೇಲೆ ಮನೆಯ ದೂರ ಅಥವಾ ಶಾಲೆಗೆ ಗೊತ್ತುಮಾಡಿದ ಸುತ್ತಲಿನ ಪ್ರದೇಶ, ಅಂದರೆ ಕ್ಯಾಚ್‌ಮೆಂಟ್. ಇಬ್ಬರು ಮಕ್ಕಳ ಕುಟುಂಬಕ್ಕೆ ಇದರಷ್ಟು ನೆಮ್ಮದಿಯ ಆಯ್ಕೆ ಬೇರೊಂದಿಲ್ಲ, ಏಕೆಂದರೆ ದೊಡ್ಡವನ ಬೆನ್ನಿಗೆ ಚಿಕ್ಕವಳಿಗೂ ಸೀಟು ಬಹುಮಟ್ಟಿಗೆ ಖಚಿತ. ಇದರ ತೊಡಕು ಇರುವುದು ಬಾಡಿಗೆಯಲ್ಲಿ. ಹೆಸರಾಂತ ಶಾಲೆಗೆ ಕೊನೆಯ ಸೀಟು ಸಿಕ್ಕ ದೂರ ಕೆಲವು ನೂರು ಮೀಟರುಗಳಷ್ಟೇ ಆಗಿದ್ದರೆ, ಆ ವೃತ್ತದೊಳಗಿನ ಮನೆಗಳ ಬಾಡಿಗೆ ಏರುತ್ತದೆ. ಶುಲ್ಕವಿಲ್ಲದ ಶಾಲೆಗೆ ಮನೆ ಮಾಲೀಕನಿಗೆ ಶುಲ್ಕ ಕಟ್ಟಿದಂತಾಗುತ್ತದೆ. ಕ್ಯಾಥೋಲಿಕ್ ಶಾಲೆಯಲ್ಲಿ ಮೇಲಿನ ಸಾಲಿನ ಮಗುವಿಗೆ ದೂರದ ಬಾಧೆ ಕಡಿಮೆ ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಬೇರೊಂದು ವಿಳಾಸ ತೋರಿಸಿ ಸೀಟು ಪಡೆಯುವ ಯೋಚನೆ ಮಾತ್ರ ಬೇಡ, ಅಂಥ ಸೀಟನ್ನು ಹಿಂದಕ್ಕೆ ಪಡೆಯುವ ಅಧಿಕಾರವಿದೆ.

ಧರ್ಮದ ಸೋಂಕೇ ಇಲ್ಲದ ಶಾಲೆ ಎಂದು ಇದನ್ನು ಆರಿಸುವವರು ಒಂದು ಸಂಗತಿ ತಿಳಿದಿರಲಿ. 1988ರ ಶಿಕ್ಷಣ ಸುಧಾರಣಾ ಕಾಯ್ದೆಯಿಂದ ಬಂದು ಈಗಲೂ ಜಾರಿಯಲ್ಲಿರುವ ನಿಯಮದ ಪ್ರಕಾರ ಈ ಶಾಲೆಗಳಲ್ಲೂ ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ ದೈನಂದಿನ ಸಾಮೂಹಿಕ ಪ್ರಾರ್ಥನೆ ಇರಬೇಕು. ಅನೇಕ ಕಡೆ ಅದು ನೀತಿಕಥೆಯ ಸಭೆಯಷ್ಟೇ ಆಗಿ ಉಳಿದಿದೆ. ಮಧ್ಯಾಹ್ನದ ಊಟದ ವಿಷಯದಲ್ಲಿ ಶಾಲೆಗಳಿಗೆ ಭೇದವಿಲ್ಲ: 2014ರಿಂದ ರಿಸೆಪ್ಷನ್, ಒಂದು ಮತ್ತು ಎರಡನೆಯ ತರಗತಿಗಳಿಗೆ ಸರ್ಕಾರಿ ಹಣದ ಎಲ್ಲ ಶಾಲೆಗಳಲ್ಲೂ ಊಟ ಉಚಿತ.

ಖಾಸಗಿ ಕ್ಯಾಥೋಲಿಕ್ ಶಾಲೆ

ನಮ್ಮ ಊರಿನ ಕಾನ್ವೆಂಟಿನ ಕ್ರಮಕ್ಕೆ ಹತ್ತಿರವಾದದ್ದು ಇದು. ಇಲ್ಲಿ ಪ್ರವೇಶ ಸಂಹಿತೆ ಅನ್ವಯಿಸುವುದಿಲ್ಲ, ಶಾಲೆ ತನಗೆ ಬೇಕಾದಂತೆ ಸಂದರ್ಶನ, ಪರೀಕ್ಷೆ ನಡೆಸಬಹುದು, ಬೇರೆ ಧರ್ಮದ ಮಕ್ಕಳಿಗೆ ಸ್ವಾಗತವೂ ಸಾಮಾನ್ಯವಾಗಿ ಹೆಚ್ಚು. ಬೆಲೆ ಮಾತ್ರ ಬೇರೆ ಮಟ್ಟದ್ದು. 2025ರ ಜನವರಿ 1ರಿಂದ ಶುಲ್ಕದ ಮೇಲೆ ಶೇ. 20 ವ್ಯಾಟ್ ಕೂಡ ಸೇರಿದೆ. ಇಬ್ಬರು ಮಕ್ಕಳಿಗೆ ಏಳೇಳು ವರ್ಷದ ಶುಲ್ಕವನ್ನು ಕೂಡಿಸಿ ನೋಡಿದ ಮೇಲೆಯೂ ಮನಸ್ಸು ಅಲುಗದಿದ್ದರೆ ಮಾತ್ರ ಮುಂದುವರಿಯಬಹುದು.

ಯಾರಿಗೆ ಯಾವುದು

ಕ್ಯಾಥೋಲಿಕ್ ಕುಟುಂಬಕ್ಕೆ ಕ್ಯಾಥೋಲಿಕ್ ಶಾಲೆ ಸಹಜ ಆಯ್ಕೆಯಾದರೂ ಕಾಗದಪತ್ರಗಳ ಸಿದ್ಧತೆ ಊರಿನಿಂದಲೇ ಆರಂಭವಾಗಬೇಕು. ಮಗುವಿನ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಧರ್ಮಕೇಂದ್ರದಿಂದ (ನಿಮ್ಮ ಪ್ಯಾರಿಷ್ ಚರ್ಚಿನಿಂದ) ಪಡೆದುಕೊಳ್ಳಿ. ಜೊತೆಗೆ ನಿಮ್ಮ ಕುಟುಂಬ ನಿಯಮಿತವಾಗಿ ಪೂಜೆಗೆ ಬರುತ್ತಿತ್ತೆಂದು ಅಲ್ಲಿನ ಗುರುಗಳಿಂದ ಪತ್ರವೊಂದನ್ನು ತಂದರೆ, ನಿಮ್ಮನ್ನು ಇನ್ನೂ ಅರಿಯದ ಇಲ್ಲಿನ ಗುರುಗಳಿಗೆ ಸಹಿ ಹಾಕಲು ಆಧಾರ ಸಿಗುತ್ತದೆ. ಬಂದ ವಾರವೇ ಹೊಸ ಧರ್ಮಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಎಷ್ಟೋ ಕುಟುಂಬಗಳು ಒಂದು ವಾರ ಒಂದು ಚರ್ಚಿಗೆ, ಮರುವಾರ ಕೊಂಕಣಿ ಪೂಜೆ ಇರುವ ಇನ್ನೊಂದಕ್ಕೆ ಹೋಗಿ, ಕೊನೆಗೆ ಯಾವ ಗುರುಗಳಿಗೂ ಪರಿಚಯವಾಗದೆ ಎರಡನೆಯ ಸಾಲಿನಿಂದ ಮೂರನೆಯದಕ್ಕೆ ಜಾರುತ್ತವೆ. ಶಾಲೆ ಯಾವ ಧರ್ಮಕೇಂದ್ರಗಳಿಗೆ ಸೇರಿದ್ದೆಂಬುದನ್ನೂ ನೋಡಿ. ಆ ಗಡಿಗೂ ಕೌನ್ಸಿಲ್ ಗಡಿಗೂ ಸಂಬಂಧವಿಲ್ಲ, ರಸ್ತೆಯ ಎದುರು ಬದಿ ಬೇರೆ ಧರ್ಮಕೇಂದ್ರವಾಗಿರಬಹುದು.

ಬೆಳ್ತಂಗಡಿ, ಭದ್ರಾವತಿ ಕಡೆಯ ಸೈರೋ ಮಲಬಾರ್ ಕುಟುಂಬಗಳವರು ತಮ್ಮನ್ನು ಪೌರಸ್ತ್ಯ ಕ್ರೈಸ್ತರ ಸಾಲಿನಲ್ಲಿ ಬರೆದುಕೊಳ್ಳಬಾರದು. ರೋಮಿನೊಡನೆ ಐಕ್ಯದಲ್ಲಿರುವ ಸೈರೋ ಮಲಬಾರ್, ಸೈರೋ ಮಲಂಕರ ಸಭೆಗಳ ಮಕ್ಕಳು ಈ ನಿಯಮಗಳಲ್ಲಿ ಪೂರ್ಣ ಕ್ಯಾಥೋಲಿಕರೇ. ಆ ಕೆಳಸಾಲು ಇರುವುದು ಆರ್ಥೊಡಾಕ್ಸ್ ಸಭೆಗಳವರಿಗೆ.

ಹಿಂದೂ, ಜೈನ, ಮುಸ್ಲಿಂ ಕುಟುಂಬದವರು ಗಮನಿಸಬೇಕಾದ್ದು 'ಬೇರೆ ಧರ್ಮದವರು' ಮತ್ತು 'ಉಳಿದವರು' ಎಂಬ ಎರಡು ಸಾಲುಗಳ ನಡುವಿನ ವ್ಯತ್ಯಾಸ. ಇವೆರಡನ್ನು ಬೇರ್ಪಡಿಸಿರುವ ಶಾಲೆಯಲ್ಲಿ, ಕುಟುಂಬವು ಆ ಧರ್ಮಕ್ಕೆ ಸೇರಿದ್ದೆಂದು ಧಾರ್ಮಿಕ ಮುಖಂಡರಿಂದ, ಅಂದರೆ ದೇವಸ್ಥಾನ, ಬಸದಿ ಅಥವಾ ಮಸೀದಿಯಿಂದ, ಪತ್ರ ತಂದವರು ಮೇಲಿನ ಸಾಲಿಗೆ ಸೇರುತ್ತಾರೆ. ಪತ್ರವಿಲ್ಲದ ಮಗು ಕೊನೆಯ ಸಾಲಿಗೆ ಹೋಗುತ್ತದೆ. ಕ್ಯಾಥೋಲಿಕ್ ಶಾಲೆಗೆ ದೇವಸ್ಥಾನದ ಅರ್ಚಕರ ಪತ್ರ ಉಪಯೋಗಕ್ಕೆ ಬರುತ್ತದೆಂದರೆ ಮೊದಲ ಸಲ ಕೇಳಿದವರು ನಗುತ್ತಾರೆ, ಆದರೆ ಒಂದು ಸೀಟಿಗೆ ಇಬ್ಬರು ನಿಂತಾಗ ಅದೇ ತೀರ್ಮಾನಿಸುತ್ತದೆ. ಸೀಟಿಗಾಗಿಯೇ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ಸಲಹೆಯೂ ಕೆಲವರಿಂದ ಬರುತ್ತದೆ. ಇಲ್ಲಿನ ಗುರುಗಳು ಅದರ ಹಿಂದಿನ ಲೆಕ್ಕಾಚಾರವನ್ನು ಬಲ್ಲರು. ನಂಬಿಕೆಯಿಲ್ಲದೆ ಪಡೆದ ಸಂಸ್ಕಾರದಿಂದ ಮಗುವಿನ ಮುಂದಿನ ಏಳು ವರ್ಷವೂ ಒಂದು ನಟನೆಯಾಗುತ್ತದೆ, ಅಂಥ ಸಲಹೆಯನ್ನು ನಾನು ಯಾರಿಗೂ ಕೊಡಲಾರೆ.

ಧರ್ಮವನ್ನು ಕೇಳಬಹುದು, ಆದರೆ ಹುಟ್ಟನ್ನು ಕೇಳುವಂತಿಲ್ಲ ಎಂಬುದನ್ನು 2009ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಲಂಡನ್ನಿನ ಯಹೂದಿ ಶಾಲೆ ಜೆ.ಎಫ್.ಎಸ್. ಪ್ರಕರಣದಲ್ಲಿ ಸ್ಪಷ್ಟಪಡಿಸಿತು, ತಾಯಿಯ ವಂಶವನ್ನು ಆಧರಿಸಿದ ನಿಯಮ ಜನಾಂಗ ಭೇದವಾಗುತ್ತದೆಂದು ತೀರ್ಪಾಯಿತು. ಆದ್ದರಿಂದ ಭಾರತದವರೆಂಬ ಕಾರಣಕ್ಕೆ ಯಾವ ಶಾಲೆಯ ಸಾಲಿನಲ್ಲೂ ಹಿಂದೆ ಬೀಳುವ ಪ್ರಶ್ನೆಯಿಲ್ಲ. ಶಾಲೆಯ ನಿಯಮವೇ ಅನ್ಯಾಯವೆನಿಸಿದರೆ, ಮುಂದಿನ ವರ್ಷದ ನಿಯಮಗಳ ಮೇಲೆ ಮೇ 15ರೊಳಗೆ ಶಾಲಾ ತೀರ್ಪುಗಾರರ ಕಚೇರಿಗೆ ಆಕ್ಷೇಪ ಸಲ್ಲಿಸಬಹುದು.

ವರ್ಷದ ನಡುವೆ ಬಂದಿಳಿಯುವ ಕುಟುಂಬಕ್ಕೆ ಈ ಲೆಕ್ಕಗಳೆಲ್ಲ ಬದಲಾಗುತ್ತವೆ. ಆಗ ತರಗತಿಯಲ್ಲಿ ಖಾಲಿ ಸ್ಥಳ ಇದೆಯೇ ಎಂಬುದೊಂದೇ ಪ್ರಶ್ನೆ. ಸ್ಥಳವಿದ್ದು ಬೇರೆ ಯಾರೂ ಕಾಯುತ್ತಿಲ್ಲದಿದ್ದರೆ ಕ್ಯಾಥೋಲಿಕ್ ಶಾಲೆಯೂ ನಿಮ್ಮ ಮಗುವನ್ನು ಸೇರಿಸಿಕೊಳ್ಳುತ್ತದೆ. ಮನೆ ಹುಡುಕುವ ಮೊದಲೇ ಎರಡು ಮೂರು ಶಾಲೆಗಳಿಗೆ ಫೋನ್ ಮಾಡಿ ಖಾಲಿ ಇದೆಯೇ ಎಂದು ಕೇಳಿಕೊಂಡರೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಐರ್ಲೆಂಡಿಗೆ ಹೋಗುವ ನರ್ಸುಗಳ ಕುಟುಂಬಗಳು ಇಂಗ್ಲೆಂಡಿನ ಈ ಲೆಕ್ಕವನ್ನು ಅಲ್ಲಿಗೆ ಹೊತ್ತೊಯ್ಯಬಾರದು. ಅಲ್ಲಿನ ಪ್ರೈಮರಿ ಶಾಲೆಗಳಲ್ಲಿ ಸುಮಾರು ಶೇ. 90 ಕ್ಯಾಥೋಲಿಕ್ ಆಶ್ರಯದಲ್ಲಿದ್ದರೂ, 2018ರ ಪ್ರವೇಶ ಕಾಯ್ದೆಯ ನಂತರ ಅವು ಧರ್ಮವನ್ನು ಆದ್ಯತೆಯ ಆಧಾರವಾಗಿ ಬಳಸುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ 1918ರ ಕಾಯ್ದೆಯ ಬಳಿಕ ಕ್ಯಾಥೋಲಿಕ್ ಶಾಲೆಗಳು ಸರ್ಕಾರಿ ವ್ಯವಸ್ಥೆಯ ಒಳಗೇ ಇವೆ, ಕ್ಯಾಚ್‌ಮೆಂಟ್ ಲೆಕ್ಕವೇ ಅಲ್ಲಿ ಮುಖ್ಯ.

ಅರ್ಜಿ ತುಂಬುವಾಗ

ಧರ್ಮದ ಆಧಾರದ ಶಾಲೆಗೆ ಕೌನ್ಸಿಲ್‌ನ ಅರ್ಜಿಯೊಂದೇ ಸಾಲದು. ಶಾಲೆಯದೇ ಪೂರಕ ಫಾರಂ ಒಂದಿರುತ್ತದೆ. ಅದನ್ನು ದೀಕ್ಷಾಸ್ನಾನದ ದಾಖಲೆ, ಗುರುಗಳ ಪ್ರಮಾಣಪತ್ರ ಅಥವಾ ನಿಮ್ಮ ಧಾರ್ಮಿಕ ಮುಖಂಡರ ಪತ್ರದೊಡನೆ ನೇರವಾಗಿ ಶಾಲೆಗೆ ಮುಟ್ಟಿಸಬೇಕು. ಕೌನ್ಸಿಲ್ ಅರ್ಜಿ ಮಾತ್ರ ಹಾಕಿ ಸುಮ್ಮನಾದವರ ಮಗು, ಹುಟ್ಟಿನಿಂದ ಕ್ಯಾಥೋಲಿಕ್ ಆಗಿದ್ದರೂ, ಕೊನೆಯ ಸಾಲಿಗೆ ಬೀಳುತ್ತದೆ. ಫಾರಂ ಮಾತ್ರ ಕೊಟ್ಟು ಕೌನ್ಸಿಲ್ ಅರ್ಜಿಯನ್ನು ಮರೆತವರ ಗತಿ ಇನ್ನೂ ಕೆಟ್ಟದು, ಅವರು ಅರ್ಜಿಯನ್ನೇ ಹಾಕಿಲ್ಲವೆಂದು ಲೆಕ್ಕ. ಕ್ರಿಸ್ಮಸ್ ದಿನಗಳಲ್ಲಿ ಗುರುಗಳಿಗೆ ಬಿಡುವಿರುವುದಿಲ್ಲ, ಆದ್ದರಿಂದ ಸಹಿಯ ಕೆಲಸವನ್ನು ನವೆಂಬರಿನೊಳಗೇ ಮುಗಿಸಿಕೊಳ್ಳಿ.

ಏಪ್ರಿಲಿನಲ್ಲಿ ಬಯಸಿದ್ದು ಬಾರದಿದ್ದರೂ ಬಂದ ಸೀಟನ್ನು ಒಪ್ಪಿಕೊಳ್ಳಿ. ಒಪ್ಪಿದರೆ ಬೇರೆ ಶಾಲೆಯ ಕಾಯುವ ಪಟ್ಟಿಯಲ್ಲಿರುವ ಹಕ್ಕಾಗಲಿ ಮೇಲ್ಮನವಿಯ ಹಕ್ಕಾಗಲಿ ಹೋಗುವುದಿಲ್ಲ, ನಿರಾಕರಿಸಿದರೆ ಕೈಯಲ್ಲಿದ್ದುದೂ ಹೋಗುತ್ತದೆ. 30ರ ಮಿತಿಯ ಕಾರಣದಿಂದ ಚಿಕ್ಕ ತರಗತಿಗಳ ಮೇಲ್ಮನವಿಗಳು ಗೆಲ್ಲುವುದು ಅಪರೂಪ. ಕಾಯುವ ಪಟ್ಟಿಯನ್ನು ಕನಿಷ್ಠ ಡಿಸೆಂಬರ್ 31ರವರೆಗೆ ಇಡಬೇಕು. ಅದರಲ್ಲಿ ಮೊದಲು ಬಂದವರಿಗೆ ಮೊದಲು ಎಂಬುದಿಲ್ಲ, ಹೊಸ ಹೆಸರು ಸೇರಿದಾಗಲೆಲ್ಲ ಅದೇ ಸಾಲುಗಳ ಪ್ರಕಾರ ಪಟ್ಟಿಯನ್ನು ಮತ್ತೆ ಜೋಡಿಸುತ್ತಾರೆ. ಜೂನಿನಲ್ಲಿ ಮೂರನೆಯದಾಗಿದ್ದ ನಿಮ್ಮ ಮಗು ಜುಲೈಯಲ್ಲಿ ಐದನೆಯದಾಗಿದ್ದರೆ ಗಾಬರಿಯಾಗಬೇಡಿ, ಮೇಲಿನ ಸಾಲಿನ ಎರಡು ಮಕ್ಕಳು ಊರಿಗೆ ಹೊಸದಾಗಿ ಬಂದಿರುತ್ತಾರೆ. ಬೇಸಿಗೆ ರಜೆಯಲ್ಲಿ ಮನೆ ಬದಲಿಸುವ ಕುಟುಂಬಗಳಿಂದಾಗಿ ಸೆಪ್ಟೆಂಬರಿನ ಮೊದಲ ವಾರ ಮತ್ತೆ ಕೆಲವು ಸೀಟುಗಳು ಬಿಡುವಾಗುತ್ತವೆ, ಆಗ ಒಮ್ಮೆ ಶಾಲೆಗೆ ಫೋನ್ ಮಾಡಿ ಕೇಳಿರಿ.